ಸಾಹೇಬರ ಜೇಬಿನ ಪಿನ್ನುಗಳು

ಪೈಪಿನ ಸಾಹೇಬರ ಅಂಗಿಯ ಜೇಬಿನಂಚಿಗೆ ಏಳೆಂಟು ಸೇಫ್ಟಿ ಪಿನ್ನುಗಳು ಸಾಲಾಗಿ ಸಿಕ್ಕಿಕೊಂಡಿರುತ್ತಿದ್ದವು. ಪಾಪ, ಗುಂಡಿ ಹೊಲಿದುಕೊಡುವವರಿಲ್ಲವೇನೋ ಎಂದು ನಾನು ಮರುಗಿದ್ದೆ. ನನ್ನ ಮರುಕವೆಲ್ಲ ಹೀಗೆಯೇ, ವಿಚಾರಿಸುವ ಮೊದಲೇ ಹುಟ್ಟಿಬಿಡುತ್ತದೆ.

ಶಿರಸಿ ಪೇಟೆಯವರು. ಸಣ್ಣ ಟೆಂಪೊದಲ್ಲಿ ಪಂಪು, ಸುರುಳಿ ಸುತ್ತಿದ ಡ್ರಿಪ್ ಪೈಪು ಹೇರಿಕೊಂಡು ಬಂದು, ಬೇಸಿಗೆಯಲ್ಲಿ ಬೇಕೆಂದವರ ಗದ್ದೆಗೆ ಬಾಡಿಗೆಗೆ ಹಾಸಿ, ಮಳೆ ಹಿಡಿದ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಹುಲೇಕಲ್, ನಿಲ್ಕುಂದ ತಿರುಗಿದ ಆ ಪೈಪು ಮನ್ಮನೆಯ ನಮ್ಮ ಗದ್ದೆಗೂ ಬಂತು.

ಆ ವರ್ಷ ನಾನು ಮನೆಯವರ ಮಾತು ಮೀರಿ ಮೊದಲ ಸಲ ಶುಂಠಿ ಹಾಕಿದ್ದೆ. ಕಷಾಯಕ್ಕೂ ಸಾಲುವಷ್ಟು ಬೆಳೆಯುವುದಿಲ್ಲ ಎಂದು ನಕ್ಕವರ ಮುಂದೆ ಅದು ಬದುಕಲೇಬೇಕಿತ್ತು. ನಮ್ಮ ಬಾವಿಯದು ಕಬ್ಬಿಣದಂಶದ ಕೆಂಪು ನೀರು. ಹದಿನೈದೇ ದಿನಕ್ಕೆ ಡ್ರಿಪ್ಪಿನ ತೂತುಗಳು ಕಟ್ಟಿಕೊಂಡವು. ನಾನು ಜಾಣೆಯಲ್ಲವೇ, ಸೆರಗಿನ ಪಿನ್ನು ತೆಗೆದು ಒಂದೊಂದನ್ನೇ ಚುಚ್ಚುತ್ತ ಹೋದೆ. ನೀರು ಚಿಮ್ಮಿತು. ಎರಡು ದಿನದಲ್ಲಿ ಮೇಲಿನ ಸಾಲೆಲ್ಲ ಕೆಸರು, ಕೊನೆಯ ಸಾಲುಗಳಲ್ಲಿ ಮೊಳಕೆ ಬಾಡತೊಡಗಿತು. ಸಾಹೇಬರಿಗೆ ಫೋನು ಮಾಡುವಾಗ ಅಳುವೇ ಬಂತು.

ಅವರು ಬಂದವರೇ ಒಂದು ಡ್ರಿಪ್ಪರ್ ಕಿತ್ತು ಬಾಯಿಗಿಟ್ಟು ಊದಿದರು.

"ಪಿನ್ನು ಹಾಕಿದ್ರೇನ್ರಿ ಅಕ್ಕಾ?"

"ಎಂತ ಮಾಡೂದು ಸಾಹೇಬರೆ, ನೀರೇ ಬರ್ತಿರಲಿಲ್ಲ."

"ತೂತು ದೊಡ್ಡದಾದ್ರ ಮುಂದಿನವ್ರೇ ಎಲ್ಲಾ ಕುಡದುಬಿಡ್ತಾರ. ಹಿಂದಿನವ್ರು ಏನ್ ಮಾಡ್ಬೇಕ್ರಿ? ಕೊಡ್ರಿ ಇಲ್ಲಿ ಅದನ್ನ."

ನನ್ನ ಪಿನ್ನೂ ಜೇಬಿನಂಚಿಗೆ ಏರಿತು. ಉಳಿದವೂ ನನ್ನಂಥ ಜಾಣರಿಂದ ಕಸಿದುಕೊಂಡವೇ ಎಂದು ಆಗ ಹೊಳೆಯಿತು.

"ಮುರುಗಲ ಸಿಪ್ಪೆ ಐತೇನ್ರಿ ಮನ್ಯಾಗ?" ಎಂದರು. ಬಿಸಿಲಲ್ಲಿ ಬಂದವರಲ್ಲವೇ, ಒಳಗೆ ಹೋಗಿ ಆ ಹುಳಿ ಸಿಪ್ಪೆಯ ಪಾನಕ ಮಾಡಿ ತಂದೆ. ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, "ಚಲೋ ಆಗೇತ್ರಿ. ಆದ್ರ ನಾ ಕೇಳಿದ್ದು ಪೈಪಿಗೆ!" ಎಂದು ನಕ್ಕರು. ಸಿಪ್ಪೆಯ ಹುಳಿನೀರಿನಲ್ಲಿ ನೆನೆಸಿದರೆ ಡ್ರಿಪ್ಪರಿನ ಕೆಂಪು ಕಿಟ್ಟ ಬಿಡುತ್ತಿತ್ತು. ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು, ಕಟ್ಟಿದ್ದನ್ನು ನೆನೆಸಿ ಊದಿ, ನಾನು ಕೆಡಿಸಿದ್ದರ ಜಾಗಕ್ಕೆ ತಮ್ಮ ಡಬ್ಬಿಯಿಂದ ಹೊಸದು ಸಿಕ್ಕಿಸಿದರು. ಒಂದೂ ಗಡಸು ಮಾತಿಲ್ಲ. ಕೊನೆಯ ಸಾಲಿನಲ್ಲಿ ಹನಿ ತೊಟ್ಟಿಕ್ಕಿದ್ದನ್ನು ನೋಡಿಯೇ ಎದ್ದರು. ನನ್ನ ಶುಂಠಿ ಉಳಿಯಿತು.

ಹೋದ ವರ್ಷ ಸಾಹೇಬರು ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ, ಅವರು ಕೂಡಿಟ್ಟಿದ್ದ ಪಿನ್ನುಗಳ ಡಬ್ಬಿಯನ್ನೇ ಮುಂದಿಟ್ಟು, "ಇದ್ರಾಗ ನಿಮ್ದು ಯಾವ್ದ್ರಿ? ತಗೊಳ್ರಿ" ಎಂದರು. ತುದಿ ಬಗ್ಗಿದ ನನ್ನದು ಕೂಡಲೇ ಗುರುತು ಸಿಕ್ಕಿತು.

"ಬ್ಯಾಡ, ಇಲ್ಲೇ ಇರ್ಲಿ. ನನ್ನ ಕೈಗೆ ಬಂದ್ರೆ ಮತ್ತೆ ಚುಚ್ಚಿಬಿಡ್ತೇನೆ" ಎಂದೆ. ಇಬ್ಬರೂ ಅಳುತ್ತಲೇ ನಕ್ಕೆವು.

ಈಗಲೂ ನೀರು ಬಿಟ್ಟ ದಿನ ನಾನು ಮೊದಲು ಹೋಗಿ ನಿಲ್ಲುವುದು ಕೊನೆಯ ಸಾಲಿನಲ್ಲಿ.