ಒಣ ನೆಲದಲ್ಲಿ ಏಳು ಗೂಟ

ಬೆಳಗಿನ ಮಂಜು ಇನ್ನೂ ಕಾಫಿ ತೋಟದ ಮರಗಳನ್ನು ಬಿಟ್ಟಿಲ್ಲ. ಹುಚ್ಚಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹೊಸ ಗುಂಡಿಯ ತಳದಲ್ಲಿ ನಿಂತು ಕೆಸರು ತುಳಿಯುತ್ತಿದ್ದಾಳೆ. ಗದ್ದೆಯಿಂದ ಬುಟ್ಟಿಯಲ್ಲಿ ಹೊತ್ತು ತಂದ ಜೇಡಿಮಣ್ಣು. ರಾಗಿ ಒಕ್ಕುವ ಕಣವನ್ನು ತುಳಿದು, ಬಡಿದು, ಸಗಣಿ ಸಾರಿಸುವ ಹಾಗೆಯೇ ಇಲ್ಲೂ ಮಾಡುತ್ತಾಳೆ. ಪೇಟೆಯ ಕಸ ಬೀಳುವ ಗುಂಡಿಗೆ ಇಷ್ಟೆಲ್ಲ ಉಪಚಾರ ಯಾಕೆಂದು ಕೇಳಿದರೆ ತಲೆ ಎತ್ತದೆ ಹೇಳುತ್ತಾಳೆ: “ಕೊಳೆನೀರು ಕೆಳಕ್ಕಿಳೀಬಾರದು ಸ್ವಾಮಿ. ಕೆಳಗೆ ಬಾವಿ ಐತೆ.”

ಮೂರ್ನಾಡಿನ ದಾರಿಯಲ್ಲಿ ಸಿಗುವ ಸಣ್ಣ ಪೇಟೆ ಇದು. ಪತ್ರಿಕೆಯಲ್ಲಿ ಊರಿನ ಹೆಸರು ಬರೆಯಬೇಡಿ ಎಂದು ಆಕೆಯೇ ನನ್ನನ್ನು ಕೇಳಿಕೊಂಡಿದ್ದಾಳೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಗಂಡ ಮಾದನೊಡನೆ ಪಿರಿಯಾಪಟ್ಟಣದ ಕಡೆಯಿಂದ ಬಂದು ಪಂಚಾಯಿತಿಯ ಕಸದ ಕೆಲಸಕ್ಕೆ ಸೇರಿದವಳು. ಈಗ ಐದು ವರ್ಷ.

ದಿನಕ್ಕೆ ಏಳು ಕೈಗಾಡಿ ಕಸ. ಅಷ್ಟನ್ನೂ ಗುಡ್ಡದ ಮೇಲಕ್ಕೆ ತಳ್ಳಿ, ಸುರಿದು, ಕೈಯಿಂದಲೇ ಬೇರೆ ಮಾಡಬೇಕು. ಗಾಜು ಹೊಕ್ಕು ಕೀವಾಗಿ ಎಡಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಡಬ್ಬ, ಸೀಸೆ, ಮುರುಕು ಕಬ್ಬಿಣ ಗುಜರಿಯವನಿಗೆ. ಒಣಗಿದ ಎಲೆ, ಕಾಗದ, ಹರಿದ ಬುಟ್ಟಿ, ಕಾಫಿ ಹೊಟ್ಟು ಮಡಿವಾಳರ ನಿಂಗನ ಉಬ್ಬೆಯ ಒಲೆಗೆ. ಪೇಟೆಯವರ ಬಟ್ಟೆಯನ್ನು ಅವನು ಹಬೆಯಲ್ಲಿ ಬೇಯಿಸುವುದು ಈ ಕಸದ ಉರಿಯಲ್ಲೇ. ಕಾಡಿನ ಸೌದೆ ತಂದು ಎರಡು ವರ್ಷವಾಯಿತು. ಒಲೆಯ ಬೂದಿ ತಿರುಗಿ ಗುಂಡಿಗೇ ಬರುತ್ತದೆ. ಹಸಿ ಕಸ ಒಂದು ಮೊಳ, ಮೇಲೆ ನಾಲ್ಕು ಬೆರಳು ಬೂದಿ ಮಣ್ಣು, ಮತ್ತೆ ಕಸ. ಆರು ತಿಂಗಳಿಗೆ ಅದು ಕಪ್ಪು ಗೊಬ್ಬರ. ಕಾಫಿ ಸಸಿಗಳ ಬುಡಕ್ಕೆ ಹೋಗುತ್ತದೆ.

“ಹುಚ್ಚಮ್ಮಕ್ಕ, ನಿನ್ನೆ ಒಣಮೀನಿನ ಬುಟ್ಟಿ ಹಾಕಿದ್ದೆಯಲ್ಲ! ಡಾಕ್ಟ್ರ ಪಂಚೆಯೆಲ್ಲ ಮೀನು ವಾಸನೆ,” ನಿಂಗ ಹೊರೆ ಕಟ್ಟುತ್ತ ರೇಗಿಸುತ್ತಾನೆ.

“ತಿಂದೋರು ಅವರೇ ಕಣಪ್ಪ. ಉಟ್ಕಳ್ಳಿ ಬಿಡು.”

ಮೊದಲ ಗುಂಡಿಗೆ ಜೇಡಿಮಣ್ಣು ಇರಲಿಲ್ಲ. ಕೆಳಗೆ ರಸ್ತೆಯ ಪಕ್ಕದ ಸಮತಟ್ಟು ಜಾಗದಲ್ಲಿ, ಸುಡುವ ಬೇಸಿಗೆಯಲ್ಲಿ, ಗಂಡ ಹೆಂಡತಿ ಸೇರಿ ತೋಡಿದ್ದರು. “ನಮ್ ಕಡೆ ಒಣಗಿದ ನೆಲ ಅಂದ್ರೆ ಒಣಗಿದ ನೆಲವೇ. ಇಲ್ಲಿ ಆಷಾಢದಲ್ಲಿ ನೆಲವೇ ನೀರು ಕಕ್ತದೆ ಅಂತ ನಮಗೇನು ಗೊತ್ತು?” ಆ ಮಳೆಗಾಲ ಗುಂಡಿಯೊಳಗೇ ಒರತೆ ಎದ್ದಿತು. ಕಸ ತೇಲಿತು. ಕೊಳೆನೀರು ಎಸ್ಟೇಟಿನ ಕೂಲಿಗಳ ಸಾಲುಮನೆಯ, ಅಂದರೆ ಲೈನಿನ, ಬಾವಿಗೆ ಇಳಿಯಿತು. ವಾಂತಿಭೇದಿ ಹಬ್ಬಿ ಲೈನಿನಲ್ಲಿ ಮೂರು ಮಕ್ಕಳು ಸತ್ತವು. ಒಂದು ಇವರದೇ. ಚಿನ್ನಿ, ಆರು ವರ್ಷ.

ಮಾದ ಆಮೇಲೆ ಗುದ್ದಲಿ ಮುಟ್ಟಿಲ್ಲ. ಎಸ್ಟೇಟಿನ ಕೆಲಸಕ್ಕೆ ಹೋಗಿ ಬರುತ್ತಾನೆ, ಮನೆಯಲ್ಲಿ ಮಾತಿಲ್ಲ. ಹುಚ್ಚಮ್ಮ ಮಾತ್ರ ಅದೇ ಮಳೆಯಲ್ಲಿ ಗೊರಬು ಹೊದ್ದು ಆ ಜಾಗವನ್ನೆಲ್ಲ ತಿರುಗಿ, ಒರತೆ ಎದ್ದ ಕಡೆಗಳಲ್ಲಿ ಬಿದಿರಿನ ಗೂಟ ಹೊಡೆದಳು. ಏಳು ಗೂಟ. ಆಮೇಲೆ ಗುಂಡಿಯನ್ನು ಗುಡ್ಡಕ್ಕೆ ಒಯ್ದಳು.

ಈಗ ಪಂಚಾಯಿತಿಗೆ ಲಾರಿ ಬರುತ್ತದಂತೆ. ಅದು ಗುಡ್ಡ ಹತ್ತುವುದಿಲ್ಲ. ಬಯಲುಸೀಮೆಯಿಂದ ಬಂದ ಓವರ್‌ಸಿಯರ್ ಹೋದ ತಿಂಗಳು ಕೆಳಗಿನ ಬಿರುಕು ಬಿಟ್ಟ ನೆಲ ನೋಡಿ, ಪ್ರಶಸ್ತ ಜಾಗವೆಂದು ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಒಂದೇ ದೊಡ್ಡ ಗುಂಡಿ. ಆರಿಸುವುದು, ಬೇರೆ ಮಾಡುವುದು ಏನೂ ಇಲ್ಲ. ಸೋಮವಾರದೊಳಗೆ ಹುಚ್ಚಮ್ಮ ತೋಡಲು ಶುರು ಮಾಡಬೇಕು.

ನಾವು ಮಾತಾಡುತ್ತಿರುವಾಗಲೇ ಪಂಚಾಯಿತಿ ಸದಸ್ಯ ಉತ್ತಯ್ಯ ಏದುಸಿರು ಬಿಡುತ್ತ ಹತ್ತಿ ಬರುತ್ತಾರೆ.

“ಸುಣ್ಣ ಹಾಕಿ ತಿಂಗಳಾಯಿತು. ನೀನು ಇನ್ನೂ ಇಲ್ಲೇ ಕೆಸರು ತುಳಿಯುವುದಾ ಮಾರಾಯ್ತಿ?”

“ಬುದ್ದಿ, ನೀವು ಈ ಊರಲ್ಲೇ ಹುಟ್ಟಿದೋರು. ಅಲ್ಲಿ ಒರತೆ ಏಳಲ್ವಾ?”

ಉತ್ತಯ್ಯ ಗುಂಡಿಯ ತಳವನ್ನೇ ನೋಡುತ್ತಾರೆ. “ಏಳ್ತದೆ. ನನಗೆ ಗೊತ್ತುಂಟು. ಆದರೆ ಮೇಲಿನವರು ನೋಡಿದ್ದು ಬೇಸಿಗೆಯಲ್ಲಿ. ನೀನು ತೋಡದಿದ್ದರೆ ಬೇರೆಯವರು ತೋಡುತ್ತಾರೆ. ನಿನ್ನ ಕೆಲಸ ಹೋಗ್ತದೆ, ಅಷ್ಟೆ.”

“ಒಂದ್ಸಲ ತೋಡಿದ್ದೀನಿ ಬುದ್ದಿ. ಇನ್ನು ತೋಡಲ್ಲ.”

ಅವರು ಬಂದ ದಾರಿಯಲ್ಲೇ ಗುಡ್ಡ ಇಳಿದು ಹೋಗುತ್ತಾರೆ.

ಬಿಸಿಲೇರಿದ ಮೇಲೆ ಹುಚ್ಚಮ್ಮ ನನ್ನನ್ನು ಕೆಳಗೆ ಕರೆದೊಯ್ಯುತ್ತಾಳೆ. ಬಿಳಿಯ ಗೆರೆಯೊಳಗೇ ನಾಲ್ಕು ಗೂಟಗಳಿವೆ. ಒಂದಕ್ಕೆ ಗೆದ್ದಲು ಹಿಡಿದಿದೆ. ಹೊಸ ಬಿದಿರು ಕೆತ್ತಿ, ಕಲ್ಲಿನಿಂದ ಬಡಿದು, ಅದೇ ತೂತಿಗೆ ಇಳಿಸುತ್ತಾಳೆ. ಅತ್ತ ಬಾವಿಯ ರಾಟೆ ಕಿರುಗುಟ್ಟುತ್ತಿದೆ; ಲೈನಿನ ಹೆಂಗಸರು ನೀರು ಸೇದುತ್ತಿದ್ದಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ.

“ಕೆಲಸ ಹೋದ್ರೆ ಹೋಗ್ಲಿ ಸ್ವಾಮಿ. ಗೂಟ ಕೀಳ್ಬೇಡಿ ಅಂತ ಬರೀರಿ. ಮಳೆ ಹಿಡಿದ್ಮೇಲೆ ಆ ಓವರ್‌ಸಿಯರ್ ಒಂದ್ಸಲ ಬಂದು ನೋಡ್ಲಿ. ಒಂದು ಗೂಟಾನೂ ನಾನು ತಪ್ಪು ಜಾಗದಲ್ಲಿ ಹೊಡೆದಿಲ್ಲ.”