ಸ್ಕೈಲಾರ್ಕ್ ರಸ್ತೆಗೆ ಬಾರದ ಸಾಂಟಾ

ಕ್ಲಿಫರ್ಡ್ ಟ್ಯಾನ್ಸ್ಲಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಹವಾಮಾನ, ತಡವಾದ ಬಸ್ಸು, ಗ್ರಂಥಾಲಯದ ಸೋರುವ ಚಾವಣಿ, ಯಾವುದರ ಬಗ್ಗೆ ಬೇಕಾದರೂ ಅರ್ಧ ಗಂಟೆ ಮಾತಾಡುತ್ತಿದ್ದ. ತನಗೆ ನೋವಾಗಿದೆ ಎನ್ನುವ ಒಂದು ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ನಮ್ಮ ಎಲ್ಡರ್‌ವಿಕ್‌ನಲ್ಲಿ ಇದನ್ನು ಒಳ್ಳೆಯ ಗುಣ ಎನ್ನುತ್ತಾರೆ. ಅವನ ಪಕ್ಕದ ಮನೆಯವಳಾದ ನನ್ನನ್ನು ಕೇಳಿದರೆ ಅದೊಂದು ರೋಗ.

ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಊರಿನ ಅರ್ಧ ಕಿಟಕಿಗಳು ಅವನ ಕೈಯಲ್ಲೇ ಆದವು. ಒಮ್ಮೆ ಚರ್ಚಿನಲ್ಲಿ ಕೆಲಸ ಮಾಡುವಾಗ ಹೆಬ್ಬೆರಳು ಮೂಳೆ ಕಾಣುವಷ್ಟು ಸೀಳಿತು. ಕರವಸ್ತ್ರ ಸುತ್ತಿಕೊಂಡು, ಗಾಜು ಕೂರಿಸಿ ಮುಗಿಸಿ, ಆಮೇಲೆ ಆಸ್ಪತ್ರೆಗೆ ನಡೆದುಕೊಂಡು ಹೋದ. ನೆಲದ ಮೇಲೆ ರಕ್ತ ಬಿದ್ದದ್ದಕ್ಕೆ ನರ್ಸಿನ ಹತ್ತಿರ ಕ್ಷಮೆ ಕೇಳಿದನಂತೆ. ನಾವೆಲ್ಲ ನಕ್ಕಿದ್ದೆವು.

ಅದೇ ಸ್ವಭಾವ ಅವನ ಮನೆ ಮುರಿಯಿತು. ಹೆಂಡತಿ ಹಿಲರಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಮಗಳು ಬೆತನಿ ದೂರದ ಊರಿನಲ್ಲಿ ತುಂಬು ಬಸುರಿ. "ಹುಡುಗೀನ ಗಾಬರಿ ಮಾಡೋದು ಬೇಡ, ಹೆರಿಗೆ ಆಗ್ಲಿ, ಆಮೇಲೆ ಹೇಳೋಣ" ಎಂದಳು ಹಿಲರಿ. ಇವನು ಆಗಲಿ ಎಂದ. ಬೆತನಿ ಫೋನ್ ಮಾಡಿದಾಗಲೆಲ್ಲ, "ಅಮ್ಮ ಮಲಗಿದಾಳೆ ಪುಟ್ಟಿ, ಸ್ವಲ್ಪ ಸುಸ್ತು ಅಷ್ಟೆ" ಎನ್ನುತ್ತಿದ್ದ. ಹೆರಿಗೆಗೆ ಮೊದಲೇ ಹಿಲರಿ ಹೋಗಿಬಿಟ್ಟಳು. ಮಗಳಿಗೆ ತಾಯಿ ಸಿಕ್ಕಿದ್ದು ಶವಪೆಟ್ಟಿಗೆಯಲ್ಲಿ. ಮಣ್ಣಾದ ಮೇಲೆ, ಸ್ಯಾಂಡ್‌ವಿಚ್ಚು ಚಹಾ ಹಿಡಿದು ನಿಂತಿದ್ದ ನಮ್ಮೆಲ್ಲರ ಎದುರು ಅವಳು, "ಕೊನೇ ಸಲ ಅಮ್ಮನ ಜೊತೆ ಮಾತಾಡೋದನ್ನೂ ನನ್ನಿಂದ ಕಿತ್ಕೊಂಡೆ ಅಪ್ಪ" ಎಂದಳು. ಅವನು, "ಚಹಾ ಆರಿಹೋಗ್ತಿದೆ" ಎಂದ. ಆವತ್ತಿನಿಂದ ಅವಳು ಅವನೊಡನೆ ಮಾತಾಡಲಿಲ್ಲ.

ಆಮೇಲೆ ಗಂಡನ ಕೆಲಸದ ಸಲುವಾಗಿ ಅವಳು ನಮ್ಮೂರಿಗೇ ಬಂದಳು. ಊರಾಚೆ ಎದ್ದ ಹೊಸ ಬಡಾವಣೆಯ ಸ್ಕೈಲಾರ್ಕ್ ರಸ್ತೆಯಲ್ಲಿ ಮನೆ. ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು. ಕೈಯಲ್ಲಿ ಟೋಬಿ, ಕ್ಲಿಫರ್ಡನಿಗೆ ಎತ್ತಿಕೊಳ್ಳಲು ಸಿಗದ ಮೊಮ್ಮಗ.

ಪ್ರತಿ ಡಿಸೆಂಬರಿನಲ್ಲಿ ಪುರಸಭೆಯವರು ಪ್ಲೈವುಡ್ಡಿನ ಒಂದು ಬಂಡಿಗೆ ದೀಪ ಕಟ್ಟಿ, ಅದರ ಮೇಲೆ ಸಾಂಟಾನನ್ನು ಕೂರಿಸಿ, ಬೀದಿ ಬೀದಿ ಸುತ್ತಿಸಿ ಮಕ್ಕಳ ಆಸ್ಪತ್ರೆಗೆ ಚಂದಾ ಎತ್ತುತ್ತಾರೆ. ಬಂಡಿ ಎಳೆಯುವುದು ನನ್ನ ಹಳೇ ಜೀಪು. ಸಾಂಟಾ ಆಗುತ್ತಿದ್ದವರು ಮಂಡಿನೋವೆಂದು ಬಿಟ್ಟಾಗ, ಕ್ಲಿಫರ್ಡ್ ತಾನಾಗಿ ಬಂದು ಆ ಗಡ್ಡ ಹಾಕಿಕೊಂಡ. ವಯಸ್ಸಾದ ಮೇಲೆ ಇವನಿಗೆ ಹುಡುಗಾಟ ಬಂತಲ್ಲ ಎಂದು ಊರು ನಕ್ಕಿತು. ಜೀಪಿನ ಕನ್ನಡಿಯಲ್ಲಿ ನನಗೊಬ್ಬಳಿಗೇ ಕಾಣುತ್ತಿತ್ತು. ಸ್ಕೈಲಾರ್ಕ್ ರಸ್ತೆಯಲ್ಲಿ ಟೋಬಿ ಓಡಿ ಬಂದು ತೊಡೆಯೇರುತ್ತಿದ್ದ, ಕಿವಿಯಲ್ಲಿ ಏನೇನೋ ಹೇಳುತ್ತಿದ್ದ, ಇವನು ಕೈಗವಸು ತೆಗೆದು ಟಾಫಿ ಸುಲಿದು ಬಾಯಿಗಿಡುತ್ತಿದ್ದ. ಬೇರೆ ಯಾವ ಮಗುವಿಗೂ ಕೈಗವಸು ತೆಗೆದವನಲ್ಲ. ವರ್ಷವಿಡೀ ಅವನು ಬದುಕುತ್ತಿದ್ದದ್ದು ಆ ಒಂದು ಗಳಿಗೆಗೆ.

ಹೋದ ಅಕ್ಟೋಬರಿನಲ್ಲಿ ಅದಕ್ಕೂ ಕಲ್ಲು ಬಿತ್ತು. ಬಡಾವಣೆಯ ರಸ್ತೆಗಳನ್ನು ಕಟ್ಟಿದವರು ಇನ್ನೂ ಸರ್ಕಾರಕ್ಕೆ ಒಪ್ಪಿಸಿಲ್ಲ, ಅಲ್ಲಿ ಬಂಡಿ ಮಗುಚಿದರೆ ವಿಮೆ ಸಿಗುವುದಿಲ್ಲ, ಆದ್ದರಿಂದ ಈ ವರ್ಷ ಸ್ಕೈಲಾರ್ಕ್ ರಸ್ತೆ ಬೇಡ ಎಂಬ ವಿಷಯ ಪುರಸಭೆಯ ಸಭೆಗೆ ಬಂತು. ಊರವರು ಮಾತಾಡುವ ಸಮಯದಲ್ಲಿ ಕ್ಲಿಫರ್ಡ್ ಟೋಪಿ ಹಿಡಿದು ಎದ್ದು ನಿಂತ. ನಾನು ಪಕ್ಕದಲ್ಲೇ ಇದ್ದೆ.

"ಆ ಒಂದು ರಸ್ತೆ ಬಿಡೋದು ಬೇಡ ಮೇಡಂ" ಎಂದ.

ಅಧ್ಯಕ್ಷೆ ಶ್ರೀಮತಿ ಹ್ಯಾಡೋ ಕೆಟ್ಟ ಹೆಂಗಸಲ್ಲ. "ಟ್ಯಾನ್ಸ್ಲಿಯವರೇ, ಅಲ್ಲಿಗೇ ಹೋಗ್ಬೇಕು ಅನ್ನೋಕೆ ವಿಶೇಷ ಕಾರಣ ಏನಾದ್ರೂ ಇದೆಯಾ? ಇದ್ರೆ ಹೇಳಿ, ವಿಮೆಯವರ ಹತ್ರ ನಾನೇ ಮಾತಾಡ್ತೀನಿ" ಎಂದರು.

ನಾನು ಬಾಯಿ ತೆರೆದೆ. ಅವನು ನನ್ನ ತೋಳು ಅದುಮಿದ.

"ಛೆ ಛೆ, ಹಾಗೇನಿಲ್ಲ ಮೇಡಂ. ಮಕ್ಕಳಿಗೆ ಬೇಜಾರಾಗತ್ತಲ್ಲ ಅಂತ, ಅಷ್ಟೆ."

ಸದಸ್ಯರು ಕೈ ಎತ್ತಿದರು, ರಸ್ತೆ ಹೋಯಿತು. ಮುಂದಿನ ವಿಷಯ ನಾಯಿ ಹೇಲಿನ ತೊಟ್ಟಿ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೊತ್ತು ಮಾತಾಡಿದರು.

ಹೊರಗೆ ಬಂದು ಅವನಿಗೆ ಚೆನ್ನಾಗಿ ಬೈದೆ. "ಬಾಯಲ್ಲಿ ಗಾಜು ತುಂಬ್ಕೊಂಡಿದ್ಯೇನೋ? ಮೊಮ್ಮಗನ್ನ ನೋಡ್ಬೇಕು ಅನ್ನೋಕೆ ಏನೋ ಕಷ್ಟ ನಿಂಗೆ?"

"ಅವಳ ವಿಷ್ಯ ಊರೆಲ್ಲ ಆಡ್ಕೊಳ್ಳೋದು ಬೇಡ ವಿನ್ನಿ" ಎಂದ.

ಡಿಸೆಂಬರಿನಲ್ಲಿ ಬಂಡಿ ಬಡಾವಣೆಯ ಬಾಯಿಯಲ್ಲಿ, ದೊಡ್ಡ ರಸ್ತೆಯ ಮೇಲೆಯೇ ನಿಂತಿತು. ಮಕ್ಕಳು ಅಲ್ಲಿಗೇ ಬರಲಿ ಎಂದು ಪುರಸಭೆ ಚೀಟಿ ಹಂಚಿತ್ತು. ಬಹಳ ಮಕ್ಕಳು ಬಂದರು. ಟೋಬಿ ಬರಲಿಲ್ಲ. ಕೊನೆಯ ಮಗುವೂ ಹೋದ ಮೇಲೆ ಕ್ಲಿಫರ್ಡ್ ಬಂಡಿಯಿಂದಿಳಿದು, ಗಡ್ಡ, ಕೆಂಪು ಕೋಟು ಎರಡನ್ನೂ ಕಳಚಿ ಸೀಟಿನ ಮೇಲಿಟ್ಟ.

"ಸಾಕು ವಿನ್ನಿ. ಈ ಸಲ ನಾನು ನಾನಾಗೇ ಹೋಗ್ತೀನಿ. ನೀನೂ ಬಾ" ಎಂದ.

ನನಗೆ ಅಳು ಬರುವಷ್ಟು ಖುಷಿಯಾಯಿತು. ಅವನು ಮಗಳ ಮನೆ ಬಾಗಿಲು ತಟ್ಟಿದ. ನಾನು ಗೇಟಿನ ಹತ್ತಿರ ನಿಂತೆ. ಬೆತನಿ ಬಾಗಿಲು ತೆರೆದು, ಅವನನ್ನು ನೋಡಿ, ಹೊಸ್ತಿಲ ಮೇಲೆ ನಿಂತು ಬೆನ್ನ ಹಿಂದೆ ಅದನ್ನು ಅರ್ಧ ಮುಚ್ಚಿಕೊಂಡಳು.

"ಪುಟ್ಟಿ, ನಾನು..." ಎಂದ.

"ಬಂಡಿ ಮೇಲಿರೋದು ನೀನೇ ಅಂತ ನಂಗೆ ಮೊದಲ್ನೇ ವರ್ಷನೇ ಗೊತ್ತಾಯ್ತಪ್ಪ. ಟಾಫಿ ಕೊಡುವಾಗ ಹೆಬ್ಬೆರಳಿನ ಆ ಗಾಯದ ಕಲೆ ನೋಡ್ದೆ" ಎಂದಳು. "ಸುಮ್ನಿದ್ದೆ. ನೀನು ಬರೀ ಸಾಂಟಾ ಅಂದ್ಕೊಂಡು ಇರ್ಬಹುದಿತ್ತು, ನಂಗೂ ಅದು ಬೇಕಿತ್ತು. ಆದ್ರೆ ಟೋಬಿನ ನಾನಾಗೇ ನಿನ್ನ ಹತ್ರ ಕರ್ಕೊಂಡು ಬರೋಕೆ ಆಗ್ಲಿಲ್ಲ. ಹೀಗೆ ಗಡ್ಡ ಇಲ್ದೆ ಬಂದ್ರೆ ನಿನ್ನ ಒಳಗೆ ಕರೀಬೇಕಾಗತ್ತೆ. ನನ್ನಿಂದ ಆಗಲ್ಲಪ್ಪ. ಇನ್ನೂ ಆಗ್ತಿಲ್ಲ."

ಅಷ್ಟರಲ್ಲಿ ಅವಳ ಸೊಂಟದ ಪಕ್ಕದಿಂದ ಟೋಬಿ ತಲೆ ಹೊರಹಾಕಿದ. ಅಜ್ಜಿಯ ಕಣ್ಣು, ಅದೇ ಗಲ್ಲ. ಈ ಮುದುಕನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಇವ್ರು ಯಾರು?" ಎಂದ.

ಬೆತನಿ ತಂದೆಯ ಕಡೆ ನೋಡಿದಳು. ಆ ನೋಟವನ್ನು ನಾನು ಬಲ್ಲೆ, ಬಿಡಿಸು ಎನ್ನುವ ನೋಟ. ಚಿಕ್ಕವಳಿದ್ದಾಗ ಬೇಲಿಗೆ ಸಿಕ್ಕಿಕೊಂಡರೆ ಅವನನ್ನು ಹಾಗೇ ನೋಡುತ್ತಿದ್ದಳು. ಅವನು ಬಿಡಿಸಿದ.

"ಪುರಸಭೆಯಿಂದ ಬಂದಿದೀನಿ ಮರಿ" ಎಂದ ಕ್ಲಿಫರ್ಡ್. "ರಸ್ತೆ ವಿಷ್ಯ ಹೇಳೋಕೆ."

"ರಸ್ತೆ ಸರಿ ಆದ್ರೆ ಸಾಂಟಾ ಬರ್ತಾನಾ?"

"ಅದು ನಿಮ್ಮಮ್ಮನ್ನ ಕೇಳ್ಬೇಕು" ಎಂದು ಹೇಳಿ, ಅವಳು ಏನೆನ್ನುತ್ತಾಳೋ ಎಂದು ಕಾಯದೆ ಮೆಟ್ಟಿಲಿಳಿದು ಬಂದುಬಿಟ್ಟ.