ವನಜತ್ತಿಗೆ ಬದುಕಿಸಿದ ಬಿಳಿ ಮೀನು

ಸೀತೂರಿನಲ್ಲಿ ಹಸುವಿನ ಕೆಚ್ಚಲು ಬಾತರೆ, ಕೋಳಿ ಕುಂಟಿದರೆ ಜನ ಮೊದಲು ಬರುವುದು ನಮ್ಮ ಮನೆಗೆ. ಡಾಕ್ಟರು ಆಮೇಲೆ. ನನ್ನ ಅತ್ತಿಗೆ ವನಜಮ್ಮ ಓದಿದ್ದು ಏಳನೇ ಕ್ಲಾಸು. ನನಗಿಂತ ಮೂರು ಕ್ಲಾಸು ಜಾಸ್ತಿ. ಹಾಗೆಂದು ಅವರ ಹತ್ತಿರ ಹೋದ ಕೂಡಲೇ ಮದ್ದು ಸಿಗುವುದಿಲ್ಲ. ದನದ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತು ನೋಡುತ್ತಾರೆ. ನನ್ನಂಥವನಿಗೆ ಆ ಕೂರುವುದನ್ನು ಕಂಡರೇ ತಲೆ ಬಿಸಿಯಾಗುತ್ತದೆ.

ಮನೆಯ ಕೆಳಗಿನ ಮೂಲೆಯಲ್ಲಿ ಅವರು ಹೊಂಡ ತೋಡಿಸಿ ಕೊಯ್ ಮೀನು ಸಾಕಿದ್ದರು. ಸಾರಿಗಲ್ಲ, ಚಂದಕ್ಕೆ ಸಾಕುವ ಕೆಂಪು, ಬಿಳಿ, ಹಳದಿ ಮೀನು. ಒಟ್ಟು ಇಪ್ಪತ್ತಾರು. ಅದರಲ್ಲಿ ಮೊಳದುದ್ದದ ಒಂದು ಬಿಳಿ ಹೆಣ್ಣು, ನೆತ್ತಿಯ ಮೇಲೆ ಕೆಂಪು ಬೊಟ್ಟು. ಉಳಿದವುಗಳಲ್ಲಿ ಹೆಚ್ಚಿನವು ಅದರ ಮರಿಗಳೇ. ಜಾಗ ಮಾತ್ರ ಅಣ್ಣನಿಗೂ ನನಗೂ ಸೇರಿದ್ದು. ಅಲ್ಲಿ ಅರವತ್ತು ಅಡಿಕೆ ಸಸಿ ಹಿಡಿಯುತ್ತದೆ ಎಂಬುದು ನನ್ನ ಅಂದಾಜು.

2008ರ ಫೆಬ್ರವರಿಯಲ್ಲಿ ಬಿಳಿ ಮೀನು ತಿಂಡಿಗೆ ಬರುವುದನ್ನು ಬಿಟ್ಟಿತು. ನೀರು ಬೀಳುವ ಪೈಪಿನ ಬಾಯಲ್ಲಿ ರೆಕ್ಕೆ ಮುದುಡಿಕೊಂಡು ನಿಂತೇ ಇತ್ತು. ನಾಲ್ಕನೇ ದಿನಕ್ಕೆ ಪಕ್ಕೆಯಲ್ಲಿ ನಾಣ್ಯದಗಲದ ಹುಣ್ಣು, ಸುತ್ತ ಕೆಂಪು ಅಂಚು, ಮೇಲೆ ಹತ್ತಿಯಂಥ ಬಿಳಿ. ಇನ್ನೂ ಆರಕ್ಕೆ ಮೈಮೇಲೆ ಕೆಂಪು ಕಲೆ. ಎರಡು ಸತ್ತೇ ಹೋದವು.

ಊಟಕ್ಕೆ ಕೂತಲ್ಲಿ ನಾನು ಎಲ್ಲರೆದುರು ಹೇಳಿಬಿಟ್ಟೆ, ಯುಗಾದಿಯೊಳಗೆ ಆ ಬಿಳಿಯದ್ದು ಸತ್ತರೆ ಹೊಂಡ ಮುಚ್ಚಿ ಸಸಿ ನೆಡುತ್ತೇನೆ ಎಂದು. ಅತ್ತಿಗೆ ಬಡಿಸುತ್ತಲೇ ಹೇಳಿದರು.

“ಆಗ್ಲಿ ಮಾರಾಯ. ಬದುಕಿದ್ರೆ ಮಾತ್ರ ಹೊಂಡದ ಸುದ್ದಿ ಇನ್ನು ನಿನ್ನ ಬಾಯಲ್ಲಿ ಬರ್ಬಾರ್ದು.”

ಹಾಗಂತ ಮೀನು ಸಾಯಲಿ ಎಂದು ಬಯಸಿದವನಲ್ಲ ನಾನು. ಬಿಳಿ ಹತ್ತಿ ಕಂಡ ಕೂಡಲೇ ನಿಶ್ಚಯ ಮಾಡಿದ್ದೆ, ಇದು ಅಡಿಕೆಗೆ ಬರುವ ಕೊಳೆರೋಗವೇ. ಕೊಳೆಗೆ ಮೈಲುತುತ್ತ ಬಿಟ್ಟು ಬೇರೆ ಮದ್ದುಂಟೇ? ಇಪ್ಪತ್ತು ವರ್ಷ ಮರ ಹತ್ತಿ ಗೊನೆಗೆ ಅದೇ ಮದ್ದು ಹೊಡೆದವನು ನಾನು. ಮಳೆಗಾಲದಲ್ಲಿ ಉಳಿದಿದ್ದ ಮೈಲುತುತ್ತ ಕರಗಿಸಿ, ನೀಲಿ ನೀರಿನ ಕೊಡ ಹೊತ್ತು ಹೊಂಡಕ್ಕೆ ಹೋದರೆ ಅತ್ತಿಗೆ ಅಡ್ಡ ನಿಂತರು. ಮೊದಲು ಬಕೆಟ್ಟಿನಲ್ಲಿ ನೋಡೋಣ ಎಂದರು. ಕಾಲುವೆಯಿಂದ ನಾಲ್ಕು ಕಿರುಮೀನು ಹಿಡಿದು ಹೊಂಡದ ನೀರು ತುಂಬಿದ ಬಕೆಟ್ಟಿಗೆ ಬಿಟ್ಟರು. ನಾನು ಒಂದು ಲೋಟ ಸುರಿದೆ. ಗಂಟೆಯೊಳಗೆ ನಾಲ್ಕೂ ಹೊಟ್ಟೆ ಮೇಲಾದವು.

ಅತ್ತಿಗೆ ಬಕೆಟ್ಟಿನ ನೀರನ್ನು ಹೊಂಡದಿಂದ ದೂರ ಚೆಲ್ಲಿ ಬಂದರು. ಬೈದಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು.

ಮರುದಿನ ನರಸಿಂಹರಾಜಪುರದಿಂದ ದನದ ಡಾಕ್ಟರು ಬಂದರು. ನಮ್ಮ ಗುಡ್ಡದ ನೀರಿನಲ್ಲಿ ಸುಣ್ಣದಂಶ ಕಡಿಮೆ, ಅಂಥ ನೀರಿಗೆ ಮೈಲುತುತ್ತದ ತಾಮ್ರ ಚೂರು ಬಿದ್ದರೂ ಮೀನಿಗೆ ವಿಷ ಎಂದರು. ಹತ್ತಿಯಂಥದ್ದು ಆಮೇಲೆ ಬಂದ ನೆಂಟ. ಅದರಡಿಯಲ್ಲಿ ಮಾಂಸ ತಿನ್ನುತ್ತಿರುವುದು ಬ್ಯಾಕ್ಟೀರಿಯಾ. ಮೈಯ ಲೋಳೆ ಕೆರೆದು ತಾವು ತಂದಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳ ಇರಲಿಲ್ಲ. ಅಷ್ಟರಲ್ಲಿ ಅತ್ತಿಗೆ ಉದ್ದನೆಯ ಸೌಟಿನಿಂದ ಹೊಂಡದ ತಳ ಕಲಕಿ ಕಪ್ಪು ಕೆಸರು ಎತ್ತಿ ತೋರಿಸಿದರು. ಕೊಳೆತ ಮೊಟ್ಟೆಯ ನಾತ. ಚಳಿಗಾಲವಿಡೀ ಮೀನು ತಿನ್ನದೆ ಬಿಟ್ಟ ಅನ್ನ, ಉದುರಿದ ಎಲೆ. ಡಾಕ್ಟರು ಮೂಗು ಮುಚ್ಚಿಕೊಂಡು, ರೋಗದ ತವರು ಇದೇ ಎಂದರು.

ಹುಣ್ಣಿನ ಅಂಚಿಗೆ ಸವರಿದ ಹತ್ತಿಕಡ್ಡಿಯನ್ನು ಐಸಿನಲ್ಲಿಟ್ಟು ಶಿವಮೊಗ್ಗದ ಲ್ಯಾಬಿಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೀನಿನ ಕೀವು ಹೊತ್ತು ಬಸ್ಸು ಹತ್ತಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮೂರನೇ ದಿನ ಹೋದಾಗ ಅಲ್ಲಿಯವರು ಒಂದು ಗಾಜಿನ ತಟ್ಟೆ ತೋರಿಸಿದರು. ಅದರ ತುಂಬ ರೋಗ ಪಾಚಿಯಂತೆ ಹಬ್ಬಿತ್ತು; ನಡುನಡುವೆ ಬೇರೆ ಬೇರೆ ಔಷಧಿ ಹಚ್ಚಿದ ಕಾಗದದ ಬಿಲ್ಲೆ. ಸಾಕುಮೀನಿನ ಅಂಗಡಿಯವರೆಲ್ಲ ಕೊಡುವ ಹಳದಿ ಪುಡಿಯ ಬಿಲ್ಲೆಯ ಬುಡದವರೆಗೂ ರೋಗ ಬೆಳೆದಿತ್ತು. ಇನ್ನೊಂದು ಬಿಲ್ಲೆಯ ಸುತ್ತ, ಹುಲ್ಲು ಕೆತ್ತಿದ ಮರದ ಬುಡದ ಹಾಗೆ ದುಂಡಗೆ ಬೋಳು. ಯಾವ ಔಷಧಿ ಬೇಕು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಷ್ಟು ದಿನದಲ್ಲಿ ಅತ್ತಿಗೆ ಹನ್ನೊಂದು ಬುಟ್ಟಿ ಕೆಸರು ತೆಗೆಸಿ, ದಿನಕ್ಕಿಷ್ಟು ಎಂದು ನೀರು ಬದಲಿಸಿದ್ದರು. ಬಿಳಿ ಮೀನನ್ನು ಕೊಟ್ಟಿಗೆ ಪಕ್ಕದ ಸಿಮೆಂಟ್ ತೊಟ್ಟಿಗೆ ಬಿಟ್ಟು, ಸಾವಿರ ಲೀಟರಿಗೆ ಮೂರು ಕೇಜಿಯ ಹದದಲ್ಲಿ ಉಪ್ಪು ಹಾಕಿದ್ದರು. ಅದನ್ನು ನೋಡಲೆಂದೇ ಬಂದ ಪಕ್ಕದ ಮನೆಯ ಐತ ತೊಟ್ಟಿಗೆ ಒರಗಿ ನಿಂತ.

“ಉಪ್ಪಾಯ್ತು ವನಜಕ್ಕ. ಖಾರ ಅರೆಯೋದು ಯಾವಾಗ?”

“ನಿನ್ ನಾಲಿಗೆ ಕೊಯ್ದ ಮೇಲೆ. ಅದನ್ನೂ ಹಾಕ್ಬೇಕಲ್ಲ.”

ಔಷಧಿ ಬಂದ ಮೇಲೆ ಇನ್ನೊಂದು ತೊಡಕು. ತಿನ್ನುವ ಮೀನಿಗೆ ತಿಂಡಿಯಲ್ಲಿ ಕೊಡಬಹುದು. ಅತ್ತಿಗೆ ಕಡುಬಿನ ಹಿಟ್ಟು ಬೇಯಿಸಿ, ಪೂರಾ ಆರಿದ ಮೇಲೆ ಔಷಧಿ ನಾದಿ, ನೀರಿಗೆ ಬಿಟ್ಟುಕೊಳ್ಳದಂತೆ ಎಣ್ಣೆ ಸವರಿ ಕಾಳಿನಷ್ಟು ಉಂಡೆ ಮಾಡಿ ಹಾಕಿದರು. ಹೊಂಡದವೆಲ್ಲ ಹತ್ತು ದಿನ ತಿಂದವು. ಬಾಯಿಯನ್ನೇ ತೆರೆಯದ ಬಿಳಿಯದಕ್ಕೆ ಏನು ಮಾಡುವುದು? ಸೂಜಿಯೇ ಗತಿ. ಡಾಕ್ಟರು ಹಿಂದೆಮುಂದೆ ನೋಡಿದರು. ಆನೆಗೆ ಬೇಕಾದರೂ ಚುಚ್ಚುತ್ತೇನೆ, ಮೀನಿಗೆ ಚುಚ್ಚಿದವನಲ್ಲ ಎಂದರು. ಅತ್ತಿಗೆ ಹಳೇ ಸೀರೆಯ ತುಂಡು ನೆನೆಸಿ ಮೀನನ್ನು ಕೂಸಿನಂತೆ ಸುತ್ತಿ ಎತ್ತಿದರು.

“ನಾ ಹಿಡ್ಕಂಡಿದೀನಿ. ನೀವು ಹೆದರ್ಬೇಡಿ ಸಾರ್.”

ಡಾಕ್ಟರು ಎರಡು ಸಲ ಗುರಿ ನೋಡಿ, ಮೂರನೇ ಸಲ ಚುಚ್ಚಿದರು. ಮೂರು ದಿನಕ್ಕೊಂದರಂತೆ ಮೂರು ಸೂಜಿ ಆಯಿತು. ಪ್ರತಿ ಸಲವೂ ಕಿವಿರಿಗೆ ತಾಗದಂತೆ ಹುಣ್ಣು ಒರೆಸಿ ಅಯೋಡಿನ್ ಹಚ್ಚಿದರು.

ಮೂರನೇ ಸೂಜಿಯ ಮಾರನೇ ಬೆಳಿಗ್ಗೆ ತೊಟ್ಟಿಯ ಹತ್ತಿರ ಮೊದಲು ಹೋದವನು ನಾನು. ಹೊಂಡ ಮುಚ್ಚುವ ಆಸೆಯಿಂದಲ್ಲ, ನಿಜವಾಗಿಯೂ ಅಲ್ಲ. ಅತ್ತಿಗೆ ಬಂದು ಒಂದು ಉಂಡೆ ಹಾಕಿದರು. ಬಿಳಿ ಮೀನು ನಿಧಾನಕ್ಕೆ ಮೇಲೆ ಬಂತು. ಬಾಯಿಗೆ ತೆಗೆದುಕೊಂಡಿತು, ಉಗುಳಿತು. ಮತ್ತೆ ತೆಗೆದುಕೊಂಡಿತು. ನುಂಗಿತು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೊಂದು ಹಾಕಿದರು.

ಯುಗಾದಿಗೆ ನಾಲ್ಕು ದಿನ ಇರುವಾಗ ಅದನ್ನು ಹೊಂಡಕ್ಕೆ ಬಿಟ್ಟರು. ಹುಣ್ಣಿದ್ದಲ್ಲಿ ತೆಳ್ಳಗೆ ಚರ್ಮ ಕೂಡಿತ್ತು. ಐತನಿಂದ ಹಿಡಿದು ಅರ್ಧ ಊರು ದಂಡೆಯ ಮೇಲಿತ್ತು. ಬಿಟ್ಟ ಕೂಡಲೇ ಇಪ್ಪತ್ಮೂರೂ ಅದರ ಹಿಂದೆ ಸಾಲು ಹಿಡಿದವು. ಅಷ್ಟು ಜನರೆದುರು ಅತ್ತಿಗೆ ನನ್ನ ಮುಖವನ್ನೂ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಹೊಂಡ ನಿಮ್ಮದೇ ಎಂದು ಎಲ್ಲರಿಗೂ ಕೇಳುವ ಹಾಗೆ ನಾನೇ ಹೇಳಿದೆ.

ಕೊಪ್ಪ, ಬಾಳಗಡಿ ಕಡೆಯಿಂದೆಲ್ಲ ಈಗ ಮೀನಿನ ಕಾಯಿಲೆಗೆ ಮದ್ದು ಕೇಳಿ ಅತ್ತಿಗೆಗೆ ಫೋನು ಬರುತ್ತದೆ. ಆ ವರ್ಷ ಮೇ ತಿಂಗಳಲ್ಲಿ ಬಿಳಿಯದ್ದರ ಹೊಸ ಮರಿಗಳಿಗೆಂದು ಎರಡನೇ ಹೊಂಡ ತೋಡಿದೆವು. ಹಾರೆ ಹಿಡಿದವನು ನಾನು. ನಾಲ್ಕಡಿ ಆದಾಗ ಸಾಕು ಎಂದೆ. ಇನ್ನೊಂದಡಿ ಬೇಕು ಎಂದರು ಅತ್ತಿಗೆ. ಹಾರೆ ಬಿಸಾಡಿ ಮೇಲೆ ಹತ್ತಿ ಬಂದೆ, ನೀರು ಕುಡಿದೆ, ಮತ್ತೆ ಇಳಿದು ಅಗೆದೆ.